ಹರಳಿನ ಹಿಂದೆ ಕಟ್ಟುವ ಕೀವು

ಮೂತ್ರಪಿಂಡದಲ್ಲಿ ಹರಳಿರುವುದು ಒಂದು ಕಾಯಿಲೆಯಾದರೆ, ಆ ಹರಳು ಮೂತ್ರದ ದಾರಿಗೆ ಅಡ್ಡ ಬಿದ್ದು, ಅದರ ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗಲುವುದು ಮತ್ತೊಂದೇ ಕಾಯಿಲೆ. ಮೊದಲನೆಯದು ತಡೆಯಲಾಗದ ನೋವು ಕೊಟ್ಟರೂ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ, ಎಷ್ಟೋ ಸಲ ವಾರಗಟ್ಟಲೆ ಕಾದು ನೋಡಲು ಅವಕಾಶ ಕೊಡುತ್ತದೆ. ಎರಡನೆಯದು ಗಂಟೆಗಳ ಲೆಕ್ಕದಲ್ಲಿ ಬಿಗಡಾಯಿಸಿ, ಮೂತ್ರಪಿಂಡವನ್ನು ಕೀವಿನ ಚೀಲವಾಗಿಸಿ, ರಕ್ತಕ್ಕೆ ನಂಜೇರಿಸಿ ಪ್ರಾಣಕ್ಕೇ ಎರವಾಗಬಲ್ಲದು. ಈ ಎರಡರ ನಡುವಿನ ಗಡಿಯನ್ನು ಮೊದಲಿಗೆ ಗುರುತಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ; ಹರಳಿನ ನೋವಿನ ಜೊತೆಗೆ ಚಳಿಜ್ವರ ಬಂದಿದೆಯೇ ಎಂಬ ಪ್ರಶ್ನೆಯೊಂದು ಸಾಕು. ಬಳ್ಳಾರಿ ಜಿಲ್ಲೆಯ ಮೋಕ, ಕುರುಗೋಡು, ಸಿರುಗುಪ್ಪದ ಸುತ್ತಿನ ಬಿಸಿಲುಸೀಮೆಯಲ್ಲಿ ಹರಳು ಹೆಸರಿನಿಂದಾದರೂ ಎಲ್ಲರಿಗೂ ಪರಿಚಿತವಾದ ಕಾಯಿಲೆಯಾದ್ದರಿಂದಲೇ ಈ ಪ್ರಶ್ನೆ ತಡವಾಗಿ ಏಳುತ್ತದೆ. ಹೋದ ವರ್ಷ ತಾನಾಗಿ ಬಂದು ತಾನಾಗಿ ಹೋದ ನೋವು ಈ ವರ್ಷವೂ ಹಾಗೆಯೇ ಹೋದೀತೆಂಬ ನಂಬಿಕೆ ರೋಗಿಯನ್ನು ಮನೆಯಲ್ಲೇ ಉಳಿಸಿಬಿಡುತ್ತದೆ.

ಮೋಕ ಬಳ್ಳಾರಿ ತಾಲ್ಲೂಕಿನ ಹೋಬಳಿ ಕೇಂದ್ರ. ಸ್ಥಳೀಯರು ಹಗರಿ ಎಂದು ಕರೆಯುವ ವೇದಾವತಿ ನದಿ ಈ ಸೀಮೆಯಲ್ಲಿ ಹರಿದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಆದರೆ ವರ್ಷದ ಬಹುಕಾಲ ಅದರ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆಯ ಈ ಎರೆಭೂಮಿಗೆ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳು ಬಂದ ಮೇಲೆ ಭತ್ತ, ಮೆಣಸಿನಕಾಯಿ, ಹತ್ತಿ ಬೆಳೆಗಳು ವಿಸ್ತರಿಸಿದವು, ಅದರೊಂದಿಗೆ ದಿನವಿಡೀ ಬಿಸಿಲಿನಲ್ಲಿ ಬಗ್ಗಿ ದುಡಿಯುವ ಕೂಲಿಯೂ ಹೆಚ್ಚಿತು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹೊಲದಲ್ಲಿ ನೆರಳಿಲ್ಲ, ತಂದ ನೀರು ಮಧ್ಯಾಹ್ನದೊಳಗೆ ಮುಗಿದಿರುತ್ತದೆ, ಹೆಣ್ಣುಮಕ್ಕಳಿಗಂತೂ ಮರೆಗೆ ಹೋಗಲು ಜಾಗವಿಲ್ಲ. ಕಾಯಿಲೆಯ ಬೀಜ ಬೀಳುವುದು ಇಲ್ಲಿ.

ಬೆನ್ನೆಲುಬಿನ ಎರಡೂ ಪಕ್ಕದಲ್ಲಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿರುವ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮತ್ತೆ ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಬೆವರಿನಲ್ಲಿ ನೀರು ಹೋಗಿ, ಹೋದಷ್ಟು ನೀರು ಒಳಗೆ ಬಾರದೆ ಇದ್ದಾಗ ಮೂತ್ರದ ಪ್ರಮಾಣ ಒಂದು ಲೀಟರಿಗೂ ಕೆಳಗಿಳಿಯುತ್ತದೆ, ಬಣ್ಣ ಗಾಢವಾಗುತ್ತದೆ, ಅದರಲ್ಲಿ ಕರಗಿರಬೇಕಾದ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮುಂತಾದ ಲವಣಗಳು ಕರಗಿರಲಾರದೆ ಹರಳುಗಟ್ಟುತ್ತವೆ. ಮನುಷ್ಯರಲ್ಲಿ ಕಾಣುವ ಹರಳುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಬಿಸಿಗೂ ಹರಳಿಗೂ ಇರುವ ನಂಟು ಊಹೆಯ ಮಾತಲ್ಲ: ಇಟಲಿಯ ಗಾಜಿನ ಕಾರ್ಖಾನೆಯೊಂದರ ಕಾರ್ಮಿಕರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಲುಮೆಯ ಬಿಸಿಗೆ ಒಡ್ಡಿಕೊಂಡವರಲ್ಲಿ ಶೇ 8.5 ಮಂದಿಗೆ ಹರಳಿದ್ದರೆ, ತಂಪಾದ ವಿಭಾಗಗಳಲ್ಲಿ ದುಡಿಯುವವರಲ್ಲಿ ಅದು ಶೇ 2.4 ಮಾತ್ರ ಇತ್ತು. ದಕ್ಷಿಣ ಭಾರತದ ಉಕ್ಕಿನ ಕಾರ್ಖಾನೆಯ ಕಾರ್ಮಿಕರನ್ನು ಪರೀಕ್ಷಿಸಿದ ಚೆನ್ನೈನ ಸಂಶೋಧಕರಿಗೂ ಇದೇ ದಿಕ್ಕಿನ ಫಲಿತಾಂಶ ಸಿಕ್ಕಿದೆ. ಬಳ್ಳಾರಿ ಸೀಮೆಯಲ್ಲಿ ಹರಳಿಗೆ ಕೊಳವೆಬಾವಿಯ ಗಡಸು ನೀರೇ ಕಾರಣವೆಂಬ ಮಾತು ಬಹಳ ಬಳಕೆಯಲ್ಲಿದೆ. ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಅಂಶ ಮಿತಿಮೀರಿರುವುದು ನಿಜವಾದ ಸಮಸ್ಯೆಯೇ, ಆದರೆ ಹರಳಿನ ವಿಷಯದಲ್ಲಿ ನೀರಿನ ಗಡಸುತನಕ್ಕಿಂತ ಕುಡಿಯುವ ನೀರಿನ ಕೊರತೆಯೇ ಹೆಚ್ಚು ದೊಡ್ಡ ಅಪರಾಧಿ ಎಂಬುದಕ್ಕೆ ಆಧಾರಗಳು ಗಟ್ಟಿಯಾಗಿವೆ. ನೀರು ಗಡಸೆಂದು ಹೆದರಿ ಕಡಿಮೆ ಕುಡಿದರೆ ಅಪಾಯ ಇಳಿಯುವುದಿಲ್ಲ, ಏರುತ್ತದೆ.

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ 25ರಿಂದ 30 ಸೆಂಟಿಮೀಟರ್ ಉದ್ದದ, ಕೆಲವೇ ಮಿಲಿಮೀಟರ್ ಅಗಲದ ಸ್ನಾಯುವಿನ ಕೊಳವೆ. ಅದು ಮೂರು ಕಡೆ ಇನ್ನಷ್ಟು ಕಿರಿದಾಗುತ್ತದೆ: ಮೂತ್ರಪಿಂಡದಿಂದ ಹೊರಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಕೋಶದ ಗೋಡೆಯನ್ನು ತೂರುವಲ್ಲಿ. ಐದು ಮಿಲಿಮೀಟರಿಗಿಂತ ಚಿಕ್ಕ ಹರಳುಗಳಲ್ಲಿ ಹೆಚ್ಚಿನವು ಈ ಇಕ್ಕಟ್ಟುಗಳನ್ನು ತಾವಾಗಿ ದಾಟಿಹೋಗುತ್ತವೆ. ದೊಡ್ಡವು ಸಿಕ್ಕಿಕೊಳ್ಳುತ್ತವೆ, ಹಿಂದೆ ಮೂತ್ರ ತುಂಬಿ ಮೂತ್ರಪಿಂಡ ಹಿಗ್ಗುತ್ತದೆ. ಸೊಂಟದ ಮೇಲಿಂದ ಹೊರಟು ತೊಡೆಸಂದಿಯವರೆಗೆ ಇಳಿಯುವ, ಮಲಗಲೂ ಕೂರಲೂ ಬಿಡದ ಆ ನೋವು ಹರಳಿನ ಚೂಪಿನಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಈ ಹಿಗ್ಗುವಿಕೆಯ ಒತ್ತಡದಿಂದ ಹುಟ್ಟುತ್ತದೆ. ಅಡ್ಡಿ ದಿನಗಟ್ಟಲೆ ಮುಂದುವರಿದರೆ ಮೂತ್ರಪಿಂಡ ಸೋಸುವ ಕೆಲಸವನ್ನೇ ತಗ್ಗಿಸುತ್ತದೆ, ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಹರಳು ಬಿದ್ದುಹೋಯಿತೆಂದು ಮನೆಯವರು ನೆಮ್ಮದಿಪಡುವ ಈ ಹೊತ್ತಿನಲ್ಲಿ ಹರಳು ಇದ್ದಲ್ಲೇ ಇದ್ದು ಮೂತ್ರಪಿಂಡ ಮಾತ್ರ ಸದ್ದಿಲ್ಲದೆ ಸೊರಗುತ್ತಿರಬಹುದು. ನೋವು ನಿಂತದ್ದನ್ನು ವಾಸಿಯ ಪುರಾವೆಯೆಂದು ತೆಗೆದುಕೊಳ್ಳದೆ, ಸ್ಕ್ಯಾನಿಂಗ್ ಮಾಡಿಸಿ ನೋಡುವುದು ಈ ಕಾರಣಕ್ಕಾಗಿಯೇ ಅಗತ್ಯ.

ನಿಂತ ಮೂತ್ರಕ್ಕೆ ಸೋಂಕು ಸೇರಿದಾಗ ಆಗುವುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಚಿಕಿತ್ಸೆಯ ತರ್ಕವೆಲ್ಲ ಇದರಲ್ಲಿ ಅಡಗಿದೆ. ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಕರುಳಿನಲ್ಲಿ ಸಹಜವಾಗಿ ವಾಸಿಸುವ ಇ. ಕೊಲೈ, ಅದು ಮೂತ್ರದ್ವಾರದಿಂದ ಮೂತ್ರಕೋಶಕ್ಕೂ ಅಲ್ಲಿಂದ ಮೇಲಕ್ಕೂ ಏರುತ್ತದೆ. ಹರಿವಿರುವ ಮೂತ್ರ ಅದನ್ನು ತೊಳೆದು ಹೊರಹಾಕುತ್ತದೆ. ಹರಿವು ನಿಂತಲ್ಲಿ ಅದು ಗಂಟೆಗಂಟೆಗೂ ಹಲವು ಪಟ್ಟು ಹೆಚ್ಚುತ್ತದೆ. ಅದನ್ನು ಎದುರಿಸಲು ಬಂದ ಬಿಳಿ ರಕ್ತಕಣಗಳು ಸತ್ತು, ಸತ್ತ ಅಂಗಾಂಶ ಬೆರೆತು ಕೀವಾಗುತ್ತದೆ. ಹೀಗೆ ಮೂತ್ರಪಿಂಡದ ಒಳಕೋಣೆಗಳೆಲ್ಲ ಕೀವಿನಿಂದ ತುಂಬಿಕೊಳ್ಳುವ ಸ್ಥಿತಿಯನ್ನು ವೈದ್ಯರು ಪಯೋನೆಫ್ರೋಸಿಸ್ ಎನ್ನುತ್ತಾರೆ. ಒಳಗಿನ ಒತ್ತಡ ಏರಿದಂತೆ ಬ್ಯಾಕ್ಟೀರಿಯಾಗಳೂ ಅವುಗಳ ವಿಷವೂ ಮೂತ್ರಪಿಂಡದ ಅಭಿಧಮನಿಗಳಿಗೆ ಹಿಮ್ಮೊಗವಾಗಿ ನುಗ್ಗಿ ದೇಹವಿಡೀ ಹರಡುತ್ತವೆ. ಚಳಿ ಹತ್ತಿ ನಡುಗಿಸುವ ಜ್ವರ, ಏರಿದ ನಾಡಿಬಡಿತ, ಕುಸಿಯುವ ರಕ್ತದೊತ್ತಡ, ಮಂಕಾಗುವ ಎಚ್ಚರ ಕಾಣಿಸಿಕೊಳ್ಳುವ ಈ ಸ್ಥಿತಿಯೇ ಸೆಪ್ಸಿಸ್, ಅಂದರೆ ರಕ್ತನಂಜು. ಆ್ಯಂಟಿಬಯೋಟಿಕ್ ಕೊಟ್ಟರೆ ಸಾಲದೇ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಔಷಧ ರಕ್ತದ ಮೂಲಕ ಮೂತ್ರಪಿಂಡಕ್ಕೆ ಬಂದು, ಸೋಸಿದ ಮೂತ್ರದಲ್ಲಿ ಬೆರೆತು ಸೋಂಕಿನ ಜಾಗವನ್ನು ತಲುಪಬೇಕು. ಅಡ್ಡಿಯಾದ ಮೂತ್ರಪಿಂಡ ಸೋಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿರುವುದರಿಂದ, ಎಷ್ಟೇ ದುಬಾರಿಯ ಚುಚ್ಚುಮದ್ದಾದರೂ ಕೀವಿನ ಕೊಳದೊಳಗೆ ಸಾಕಷ್ಟು ಪ್ರಮಾಣದಲ್ಲಿ ಇಳಿಯುವುದೇ ಇಲ್ಲ. ಕೀವು ಹೊರಗೆ ಬರಲೇಬೇಕು, ಒತ್ತಡ ಇಳಿಯಲೇಬೇಕು.

ಹರಳು ಸೋಂಕನ್ನು ತರುವಂತೆ ಸೋಂಕೂ ಹರಳನ್ನು ಕಟ್ಟಬಲ್ಲದು. ಪ್ರೋಟಿಯಸ್ ಮುಂತಾದ ಕೆಲವು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ; ಅದು ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಆ ಕ್ಷಾರದಲ್ಲಿ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟುಗಳು ಸೇರಿ ಸ್ಟ್ರೂವೈಟ್ ಎಂಬ ಹರಳು ಕಟ್ಟುತ್ತದೆ. ಈ ಹರಳು ವಾರಗಳಲ್ಲಿ, ತಿಂಗಳುಗಳಲ್ಲಿ ಬೆಳೆದು ಮೂತ್ರಪಿಂಡದ ಒಳಕೋಣೆಗಳನ್ನೆಲ್ಲ ತುಂಬಿಕೊಂಡು ಕವಲೊಡೆಯುತ್ತದೆ; ಎಕ್ಸ್‌ರೇಯಲ್ಲಿ ಜಿಂಕೆಯ ಕೊಂಬಿನಂತೆ ಕಾಣುವುದರಿಂದ ಇದಕ್ಕೆ ಕೊಂಬಿನ ಹರಳೆಂದೇ ಹೆಸರು. ಇದು ಮೂತ್ರನಾಳಕ್ಕೆ ಇಳಿದು ಸಿಕ್ಕಿಕೊಳ್ಳದೆ ಇರುವುದರಿಂದ ತೀವ್ರ ನೋವನ್ನೇ ಕೊಡದಿರಬಹುದು. ಪದೇಪದೇ ಬರುವ ಉರಿಮೂತ್ರ, ಸೊಂಟದಲ್ಲಿ ಭಾರ, ಆಯಾಸ ಮಾತ್ರ ಇದ್ದು ರೋಗಿ ವರ್ಷಗಟ್ಟಲೆ ಮಾತ್ರೆ ನುಂಗುತ್ತ ಕಳೆಯುತ್ತಾರೆ. ಬ್ಯಾಕ್ಟೀರಿಯಾಗಳು ಹರಳಿನ ಪದರಗಳ ಒಳಗೇ ವಾಸವಾಗಿರುವುದರಿಂದ ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಸೋಂಕು ಮರಳುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಉರಿಮೂತ್ರವಾಗುವ ಹೆಂಗಸರಿಗೆ ಪ್ರತಿ ಸಲವೂ ಮಾತ್ರೆಯ ಚೀಟಿ ಬರೆದುಕೊಡುವ ಬದಲು ಒಮ್ಮೆಯಾದರೂ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕೆಂಬುದು ಈ ಕಾರಣದಿಂದ.

ಕೀವು ಮೂತ್ರಪಿಂಡದ ಕೋಣೆಗಳಲ್ಲಿ ತುಂಬುವುದು ಒಂದು ಬಗೆಯಾದರೆ, ಮೂತ್ರಪಿಂಡದ ತಿರುಳಿನಲ್ಲೇ ಕುರುವಾಗುವುದು ಇನ್ನೊಂದು ಬಗೆ. ಆ ಕುರು ಹೊರಪದರವನ್ನು ಒಡೆದು ಸುತ್ತಲಿನ ಕೊಬ್ಬಿನಲ್ಲಿ ಹರಡುವುದು ಮೂರನೆಯದು. ಆ್ಯಂಟಿಬಯೋಟಿಕ್‌ಗಳು ಬರುವ ಮೊದಲು ಮೂತ್ರಪಿಂಡದ ಕುರು ಹೆಚ್ಚಾಗಿ ಚರ್ಮದ ಗಾಯ, ಹುಣ್ಣುಗಳಿಂದ ರಕ್ತಕ್ಕೆ ಸೇರಿದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದಿಂದ ಆಗುತ್ತಿತ್ತು. ಈಗ ಹರಳು, ಮೂತ್ರದ ಅಡ್ಡಿ ಮತ್ತು ಸಕ್ಕರೆ ಕಾಯಿಲೆಯ ಹಿನ್ನೆಲೆಯಲ್ಲಿ ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್‌ಗಳಿಂದ ಆಗುವುದೇ ಹೆಚ್ಚು. ಮೂತ್ರಪಿಂಡವನ್ನೂ ಅದರ ಕೊಬ್ಬನ್ನೂ ಸುತ್ತುವರಿದ ಪೊರೆಯನ್ನು ರುಮೇನಿಯಾದ ಅಂಗರಚನಾಶಾಸ್ತ್ರಜ್ಞ ದಿಮಿತ್ರಿ ಗೆರೋಟಾ 1895ರಲ್ಲಿ ವಿವರಿಸಿದ. ಈ ಪೊರೆ ಕೀವನ್ನು ಕೆಲಕಾಲ ಹಿಡಿದಿಡುತ್ತದೆ. ಮೀರಿದರೆ ಕೀವು ಬೆನ್ನಿನ ಸೋಆಸ್ ಸ್ನಾಯುವಿನ ಗುಂಟ ತೊಡೆಯವರೆಗೆ ಇಳಿಯಬಹುದು, ಮೇಲೆ ವಪೆಯನ್ನು ದಾಟಿ ಎದೆಗೂಡಿಗೆ ಹೋಗಬಹುದು, ಸೊಂಟದ ಚರ್ಮದಲ್ಲಿ ಬಾವಾಗಿ ಎದ್ದು ಒಡೆಯಲೂಬಹುದು. ಸೋಆಸ್ ಸ್ನಾಯು ಕೆರಳಿದ ರೋಗಿ ತೊಡೆಯನ್ನು ಮಡಚಿಕೊಂಡೇ ಮಲಗುತ್ತಾನೆ, ಕಾಲು ನೀಡಿದರೆ ನರಳುತ್ತಾನೆ, ಕುಂಟುತ್ತಾನೆ. ಇಂಥವರು ಮೂಳೆಯ ವೈದ್ಯರ ಬಳಿಗೆ ಮೊದಲು ಹೋಗುವುದರಲ್ಲಿ ಅಚ್ಚರಿಯಿಲ್ಲ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯದಿಂದಲೂ ಇದೇ ಸ್ನಾಯುವಿನಲ್ಲಿ ಕೀವು ಸೇರುವುದುಂಟಾದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡುವ ಹೊಣೆ ವೈದ್ಯರ ಮೇಲಿದೆ.

ದೇಹದೊಳಗಿನ ಕುರುವಿನ ಅರಿವು ನಮ್ಮ ವೈದ್ಯಪರಂಪರೆಗೆ ಹೊಸದಲ್ಲ. ಸುಶ್ರುತ ಸಂಹಿತೆ ಅಂತರ್ವಿದ್ರಧಿ, ಅಂದರೆ ಒಳಗಿನ ಕುರು, ಹುಟ್ಟುವ ಸ್ಥಾನಗಳಲ್ಲಿ ವೃಕ್ಕವನ್ನೂ (ಮೂತ್ರಪಿಂಡವನ್ನೂ) ಎಣಿಸುತ್ತದೆ. ಚರಕ ಸಂಹಿತೆ ಅದಕ್ಕೆ ಬೆನ್ನು ಮತ್ತು ಸೊಂಟ ಹಿಡಿದುಕೊಳ್ಳುವುದನ್ನು ಲಕ್ಷಣವಾಗಿ ಹೇಳುತ್ತದೆ. ಮೋಕದ ಸೀಮೆಯ ರೋಗಿ ಇಂದು ಆಸ್ಪತ್ರೆಯ ಮೆಟ್ಟಿಲು ಹತ್ತಿ ಹೇಳುವ ಮೊದಲ ಮಾತೂ ನಡ ಹಿಡಿದಿದೆ ಎಂಬುದೇ. ಆದರೆ ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಕುರು ಇರುವುದು ಗೊತ್ತಾದರೂ ಅದರ ನಿಖರ ಜಾಗ ತಿಳಿಯುತ್ತಿರಲಿಲ್ಲ. ಹೊರಗೆ ಬಾವು ಎದ್ದ ಮೇಲೆ ಕೊಯ್ಯುವುದೊಂದೇ ದಾರಿಯಾಗಿತ್ತು, ಹಿಪ್ಪಾಕ್ರಟಿಸನ ಹೆಸರಿನಲ್ಲಿರುವ ಗ್ರೀಕ್ ಗ್ರಂಥಗಳು ಸೂಚಿಸುವುದೂ ಅದನ್ನೇ.

ಸಕ್ಕರೆ ಕಾಯಿಲೆಯವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅವರಲ್ಲಿ ಸೋಂಕಿನೊಂದಿಗೆ ಹೋರಾಡುವ ಶಕ್ತಿ ಕುಂದಿರುತ್ತದೆ, ನರಗಳು ಮಂದವಾಗಿ ನೋವು ತಿಳಿಯದೆಯೂ ಇರಬಹುದು. ಕೆಲವರಲ್ಲಿ ಬ್ಯಾಕ್ಟೀರಿಯಾಗಳು ಅಂಗಾಂಶದಲ್ಲಿರುವ ಹೆಚ್ಚುವರಿ ಸಕ್ಕರೆಯನ್ನು ಹುದುಗಿಸಿ ಇಂಗಾಲದ ಡೈಆಕ್ಸೈಡ್, ಜಲಜನಕದಂಥ ಅನಿಲಗಳನ್ನು ಉಂಟುಮಾಡುತ್ತವೆ. 1898ರಲ್ಲಿ ಅಮೆರಿಕದ ಕೆಲ್ಲಿ ಮತ್ತು ಮ್ಯಾಕ್ಯಾಲಂ ಮೊದಲು ವರದಿ ಮಾಡಿದ ಈ ಸ್ಥಿತಿಯಲ್ಲಿ ಮೂತ್ರಪಿಂಡದೊಳಗೆ ಗಾಳಿಯ ಗುಳ್ಳೆಗಳು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತವೆ. ಎಂಫಿಸಿಮೇಟಸ್ ಪೈಲೋನೆಫ್ರೈಟಿಸ್ ಎಂಬ ಉದ್ದ ಹೆಸರಿನ ಈ ರೋಗ ಬರುವವರಲ್ಲಿ ಬಹುಪಾಲು ಮಂದಿ ಸಕ್ಕರೆ ಕಾಯಿಲೆಯವರು. ಹಿಂದೆ ಇದಕ್ಕೆ ಮೂತ್ರಪಿಂಡವನ್ನೇ ತೆಗೆಯುವುದು ವಾಡಿಕೆಯಾಗಿದ್ದರೆ, ಈಗ ಬೇಗ ಪತ್ತೆಯಾದ ಹಲವರಲ್ಲಿ ಕೊಳವೆಯಿಟ್ಟು ಕೀವು ಮತ್ತು ಅನಿಲ ಹೊರಹಾಕಿ ಮೂತ್ರಪಿಂಡವನ್ನು ಉಳಿಸಿಕೊಳ್ಳಲು ಸಾಧ್ಯವಾಗಿದೆ. ಇನ್ನೊಂದು ತುದಿಯಲ್ಲಿ, ಕೊಂಬಿನ ಹರಳು ಮತ್ತು ಸೋಂಕು ವರ್ಷಗಟ್ಟಲೆ ಜೊತೆಗಿದ್ದು ಮೂತ್ರಪಿಂಡದ ತಿರುಳೆಲ್ಲ ಹಳದಿ ಬಣ್ಣದ, ಕೊಬ್ಬು ತುಂಬಿದ ಕೋಶಗಳ ಗಡ್ಡೆಯಾಗಿ ಮಾರ್ಪಡುವುದುಂಟು. 1916ರಲ್ಲಿ ಶ್ಲಾಗೆನ್‌ಹಾಫರ್ ವಿವರಿಸಿದ ಈ ಸ್ಥಿತಿ ಸ್ಕ್ಯಾನಿಂಗ್‌ನಲ್ಲಿ ಕ್ಯಾನ್ಸರಿನಂತೆ ತೋರಿ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಅಷ್ಟು ಹೊತ್ತಿಗೆ ಆ ಮೂತ್ರಪಿಂಡದಲ್ಲಿ ಉಳಿಸಿಕೊಳ್ಳುವಂಥದ್ದು ಸಾಮಾನ್ಯವಾಗಿ ಏನೂ ಇರುವುದಿಲ್ಲ.

ಹಳ್ಳಿಯ ರೋಗಿ ಆಸ್ಪತ್ರೆ ತಲುಪುವ ದಾರಿ ಹೆಚ್ಚಾಗಿ ಒಂದೇ ಬಗೆಯದು. ಮೊದಲು ಬಾಳೆದಿಂಡಿನ ರಸ, ಹುರಳಿಕಟ್ಟು. ನೋವು ಹೆಚ್ಚಾದಾಗ ಔಷಧದಂಗಡಿಯ ನೋವಿನ ಮಾತ್ರೆ. ಚಳಿಜ್ವರ ಬಂದಾಗ ಊರಿನ ಆರ್‌ಎಂಪಿ ಎನಿಸಿಕೊಂಡವರ ಬಳಿ ಒಂದು ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್. ಜ್ವರ ಅರ್ಧದಿನ ಇಳಿಯುತ್ತದೆ, ಮತ್ತೆ ಏರುತ್ತದೆ, ಮತ್ತೊಂದು ಇಂಜೆಕ್ಷನ್ ಆಗುತ್ತದೆ. ಹೀಗೆ ನಾಲ್ಕೈದು ದಿನ ಕಳೆದಿರುತ್ತದೆ. ಬಾಳೆದಿಂಡು, ಹುರಳಿಗಳನ್ನು ಹೀಗಳೆಯಬೇಕಾದ ಕಾರಣವಿಲ್ಲ, ಅವುಗಳ ನೆಪದಲ್ಲಿ ದೇಹಕ್ಕೆ ನೀರಾದರೂ ಸೇರುತ್ತದೆ. ಆದರೆ ಚಳಿಜ್ವರ ಕಾಣಿಸಿಕೊಂಡ ಕ್ಷಣದಿಂದ ಅವುಗಳ ಕಾಲ ಮುಗಿದಿರುತ್ತದೆ. ನೋವಿನ ಮಾತ್ರೆಗಳ ಅಪಾಯ ಬೇರೆ: ನೀರು ಬತ್ತಿದ ದೇಹದಲ್ಲಿ ಡೈಕ್ಲೋಫಿನ್ಯಾಕ್‌ನಂಥ ಔಷಧಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿ, ಮೊದಲೇ ಸಂಕಟದಲ್ಲಿರುವ ಅಂಗಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತವೆ. ಅರೆಬರೆ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲದೆ ಪಳಗಿಸುತ್ತದೆ, ಮುಂದೆ ಆಸ್ಪತ್ರೆಯಲ್ಲಿ ಕಲ್ಚರ್ ಪರೀಕ್ಷೆಗೆ ಕಳಿಸಿದ ಮೂತ್ರದಲ್ಲಿ ಅವು ಬೆಳೆಯದೆ ರೋಗದ ಗುರುತೇ ಮರೆಯಾಗುವಂತೆಯೂ ಮಾಡಬಲ್ಲದು. ಕೇವಲ ಸೋಂಕು ಮಾತ್ರ ಇರುವ ಮೂತ್ರಪಿಂಡದ ಜ್ವರ ಸರಿಯಾದ ಔಷಧಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಒಳಗೆಲ್ಲೋ ಕೀವಿದೆ ಅಥವಾ ಅಡ್ಡಿಯಿದೆ ಎಂದೇ ಶಂಕಿಸಬೇಕು.

ಆಸ್ಪತ್ರೆಯಲ್ಲಿ ಮೂತ್ರ ಮತ್ತು ರಕ್ತದ ಪರೀಕ್ಷೆ, ಎರಡರ ಕಲ್ಚರ್, ಮೂತ್ರಪಿಂಡದ ಕೆಲಸವನ್ನು ಸೂಚಿಸುವ ಕ್ರಿಯಾಟಿನಿನ್ ಪ್ರಮಾಣ, ಸಕ್ಕರೆಯ ಪ್ರಮಾಣ ಇವುಗಳ ಜೊತೆಗೇ ಅಲ್ಟ್ರಾಸೌಂಡ್ ಮಾಡುತ್ತಾರೆ. ಹಿಗ್ಗಿದ ಮೂತ್ರಪಿಂಡದಲ್ಲಿ ಬರೀ ಮೂತ್ರವಿದ್ದರೆ ಪರದೆಯ ಮೇಲೆ ಅದು ಅಚ್ಚ ಕಪ್ಪಾಗಿ ಕಾಣುತ್ತದೆ. ಕೀವಿದ್ದರೆ ಆ ಕಪ್ಪಿನಲ್ಲಿ ಬೂದು ಬಣ್ಣದ ಕಣಗಳು ತೇಲುತ್ತವೆ, ಕೆಲವೊಮ್ಮೆ ತಳದಲ್ಲಿ ಗಸಿಯಂತೆ ಕೂತಿರುತ್ತವೆ. ಹರಳು ಎಲ್ಲಿ ಸಿಕ್ಕಿದೆ, ಕುರು ಎಷ್ಟು ದೊಡ್ಡದು, ಎಲ್ಲಿಯವರೆಗೆ ಹರಡಿದೆ ಎಂಬುದನ್ನು ನಿಖರವಾಗಿ ತಿಳಿಸುವುದು ಸಿಟಿ ಸ್ಕ್ಯಾನ್. ಸಾದಾ ಎಕ್ಸ್‌ರೇಗೆ ಯೂರಿಕ್ ಆಮ್ಲದ ಹರಳುಗಳು ಕಾಣಿಸುವುದೇ ಇಲ್ಲವಾದ್ದರಿಂದ, ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ಸಮಾಧಾನಪಡುವುದು ಸರಿಯಲ್ಲ.

ಕೀವನ್ನು ಹೊರಗೆ ತರಲು ಇರುವ ದಾರಿ ಎರಡು. ಒಂದರಲ್ಲಿ, ಮೂತ್ರದ್ವಾರದ ಮೂಲಕ ದುರ್ಬೀನು ಹಾಯಿಸಿ, ಹರಳಿನ ಪಕ್ಕದಿಂದ ತಂತಿಯೊಂದನ್ನು ಮೇಲಕ್ಕೆ ನುಸುಳಿಸಿ, ಅದರ ಮೇಲೆ ಸ್ಟೆಂಟ್ ಎಂಬ ಮೃದುವಾದ ಟೊಳ್ಳು ನಳಿಕೆಯನ್ನು ಮೂತ್ರಪಿಂಡದವರೆಗೆ ಏರಿಸುತ್ತಾರೆ. ಎರಡೂ ತುದಿಗಳು ಸುರುಳಿಯಾಗಿರುವುದರಿಂದ ಅದು ಜಾರದೆ ನಿಲ್ಲುತ್ತದೆ. ಈಗ ಬಳಕೆಯಲ್ಲಿರುವ ಈ ಜೋಡಿ ಸುರುಳಿಯ ಮಾದರಿ 1978ರಿಂದೀಚಿನದು. ಇನ್ನೊಂದು, 1955ರಲ್ಲಿ ಅಮೆರಿಕದ ವಿಲರ್ಡ್ ಗುಡ್‌ವಿನ್ ಮತ್ತು ಸಂಗಡಿಗರು ವರದಿ ಮಾಡಿದ ವಿಧಾನ, ನೆಫ್ರಾಸ್ಟಮಿ. ರೋಗಿಯನ್ನು ಬೋರಲು ಮಲಗಿಸಿ, ಪಕ್ಕೆಲುಬಿನ ಕೆಳಗಿನ ಚರ್ಮವನ್ನಷ್ಟೇ ಮರಗಟ್ಟಿಸಿ, ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತ ಉದ್ದನೆಯ ಸೂಜಿಯನ್ನು ಬೆನ್ನಿನಿಂದ ಹಿಗ್ಗಿದ ಕೋಣೆಯೊಳಗೆ ಇಳಿಸುತ್ತಾರೆ. ಸೂಜಿಯ ಒಳಕಡ್ಡಿಯನ್ನು ಎಳೆದೊಡನೆ ಮಂದವಾದ, ಹಳದಿಯೋ ಹಸಿರು ಮಿಶ್ರಿತವೋ ಆದ ಕೀವು ಒತ್ತಡದಿಂದ ಹೊರಕ್ಕೆ ಬರುತ್ತದೆ. ಮೊದಲ ಕೆಲವು ಮಿಲಿಲೀಟರುಗಳನ್ನು ಕಲ್ಚರಿಗೆಂದು ಶೀಶೆಯಲ್ಲಿ ಹಿಡಿದಿಡುತ್ತಾರೆ, ಏಕೆಂದರೆ ಮೇಲೆ ಅಡ್ಡಿಯಿರುವಾಗ ಕೆಳಗಿನ ಮೂತ್ರಕೋಶದ ಮೂತ್ರದಲ್ಲಿ ನಿಜವಾದ ಬ್ಯಾಕ್ಟೀರಿಯಾ ಸಿಗದೆ ಹೋಗಬಹುದು. ಬಳಿಕ ತಂತಿಯ ಆಧಾರದಲ್ಲಿ ಸುರುಳಿ ತುದಿಯ ಕೊಳವೆಯನ್ನಿಟ್ಟು, ಚರ್ಮಕ್ಕೆ ಹೊಲಿದು, ಚೀಲಕ್ಕೆ ಜೋಡಿಸುತ್ತಾರೆ. ಒಳಗೆ ತೊಳೆಯುವುದಾಗಲಿ ಬಣ್ಣದ ದ್ರವ ತುಂಬಿ ಚಿತ್ರ ತೆಗೆಯುವುದಾಗಲಿ ಆ ಹೊತ್ತಿನಲ್ಲಿ ಸಲ್ಲ. ಒತ್ತಡ ಹೆಚ್ಚಿದರೆ ಬ್ಯಾಕ್ಟೀರಿಯಾ ಮತ್ತೆ ರಕ್ತಕ್ಕೆ ನುಗ್ಗುತ್ತದೆ. ಕೀವು ಇಳಿದ ಬಳಿಕ ಒಂದೆರಡು ದಿನಗಳಲ್ಲಿ ಜ್ವರ ಇಳಿದು, ಚೀಲಕ್ಕೆ ಕ್ರಮೇಣ ತಿಳಿಯಾದ ಮೂತ್ರ ಬರತೊಡಗುವುದು ಒಳಗಿನ ಮೂತ್ರಪಿಂಡ ಮತ್ತೆ ಸೋಸಲಾರಂಭಿಸಿದ್ದರ ಸೂಚನೆ.

ಎರಡರಲ್ಲಿ ಯಾವುದು ಮೇಲೆಂಬ ಚರ್ಚೆಗೆ 1998ರಲ್ಲಿ ಪ್ರಕಟವಾದ 42 ರೋಗಿಗಳ ತುಲನಾತ್ಮಕ ಅಧ್ಯಯನವೊಂದು ಎರಡೂ ಸಮಾನವಾಗಿ ಕೆಲಸ ಮಾಡುತ್ತವೆಂಬ ಉತ್ತರ ಕೊಟ್ಟಿತು. ಆದ್ದರಿಂದ ಆಯಾ ಆಸ್ಪತ್ರೆಯಲ್ಲಿ ಬೇಗ ಸಾಧ್ಯವಾಗುವುದೇ ಸರಿಯಾದದ್ದು. ಬೇಗ ಎಂಬುದರ ಬೆಲೆಯನ್ನು ಎರಡು ಅಂಕಿಗಳು ತಿಳಿಸುತ್ತವೆ. ಮೂತ್ರನಾಳದ ಹರಳಿನೊಂದಿಗೆ ಸೆಪ್ಸಿಸ್ ಆದ ಅಮೆರಿಕದ ರೋಗಿಗಳ ದಾಖಲೆಗಳನ್ನು ವಿಶ್ಲೇಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಡ್ಡಿಯನ್ನು ನಿವಾರಿಸಿ ಮೂತ್ರಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಸಾವಿನ ಪ್ರಮಾಣ ಶೇ 8.82 ಇದ್ದರೆ, ಹಾಗೆ ಮಾಡದವರಲ್ಲಿ ಅದು ಶೇ 19.2 ಇತ್ತು. ಸೆಪ್ಸಿಸ್‌ನಲ್ಲಿ ರಕ್ತದೊತ್ತಡ ಕುಸಿದ ಬಳಿಕ ಸರಿಯಾದ ಆ್ಯಂಟಿಬಯೋಟಿಕ್ ಶುರುವಾಗುವುದು ಮೊದಲ ಆರು ಗಂಟೆಗಳಲ್ಲಿ ಒಂದೊಂದು ಗಂಟೆ ತಡವಾದಂತೆಯೂ ಬದುಕುಳಿಯುವ ಸಾಧ್ಯತೆ ಸರಾಸರಿ ಶೇ 7.6ರಷ್ಟು ಇಳಿಯುತ್ತದೆಂದು 2006ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಊರಿನಲ್ಲಿ ಕಳೆದ ನಾಲ್ಕೈದು ದಿನಗಳನ್ನು ಈ ಗಂಟೆಗಳ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಎದೆ ಭಾರವಾಗುತ್ತದೆ.

ತಿರುಳಿನಲ್ಲಾದ ಕುರು ಮೂರು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಔಷಧದಿಂದಲೇ ಕರಗುವ ಸಾಧ್ಯತೆ ಹೆಚ್ಚು, ಐದು ಸೆಂಟಿಮೀಟರ್ ಮೀರಿದ್ದರೆ ಸಾಮಾನ್ಯವಾಗಿ ಕೊಳವೆಯಿಡಬೇಕು. ನಡುವಿನದನ್ನು ರೋಗಿಯ ಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಆ್ಯಂಟಿಬಯೋಟಿಕ್ ವಾರಗಟ್ಟಲೆ ಬೇಕಾಗುತ್ತದೆ. ಸಂಪೂರ್ಣ ಹಾಳಾದ ಮೂತ್ರಪಿಂಡವನ್ನು ಮಾತ್ರ ತೆಗೆಯುತ್ತಾರೆ. ಒಂದು ಮೂತ್ರಪಿಂಡದಲ್ಲಿ ಮನುಷ್ಯ ಬದುಕಬಲ್ಲನೆಂಬುದು 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ ನಡೆಸಿದ ಯೋಜಿತ ಶಸ್ತ್ರಚಿಕಿತ್ಸೆಯಿಂದ ಖಚಿತವಾಗಿತ್ತು. ಇನ್ನು ಹರಳಿನ ಸರದಿ. ರೋಗಿಯ ಮನೆಯವರು ಹೆಚ್ಚಾಗಿ ಕೇಳುವುದು ಕೀವು ತೆಗೆಯುವಾಗಲೇ ಹರಳನ್ನೂ ಏಕೆ ತೆಗೆಯಬಾರದೆಂದು. ಸೋಂಕು ಉರಿಯುತ್ತಿರುವಾಗ ಹರಳನ್ನು ಒಡೆದರೆ ಒಳಗಿನ ಬ್ಯಾಕ್ಟೀರಿಯಾಗಳು ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗುತ್ತವೆ. ಅದಕ್ಕಾಗಿ ಜ್ವರ ಇಳಿದು, ಸೋಂಕು ಹತೋಟಿಗೆ ಬಂದ ಮೇಲೆಯೇ ಆ ಕೆಲಸ. 1976ರಲ್ಲಿ ಸ್ವೀಡನ್ನಿನಿಂದ ವರದಿಯಾದ, ಬೆನ್ನಿನ ಚಿಕ್ಕ ರಂಧ್ರದಿಂದ ಹರಳು ತೆಗೆಯುವ ಪಿಸಿಎನ್‌ಎಲ್ ವಿಧಾನ, 1980ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದ, ಹೊರಗಿನಿಂದಲೇ ಆಘಾತ ತರಂಗಗಳಿಂದ ಒಡೆಯುವ ವಿಧಾನ, ಬಾಗುವ ದುರ್ಬೀನಿನ ಮೂಲಕ ಲೇಸರ್ ಹಾಯಿಸುವ ವಿಧಾನ, ಇವುಗಳಿಂದಾಗಿ ಹೊಟ್ಟೆ ಕೊಯ್ಯುವ ಆಪರೇಷನ್ ಈಗ ಅಪರೂಪವಾಗಿದೆ.

1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಹೆಸರುಗಳನ್ನು ಬದಲಿಸಿಕೊಂಡಿದ್ದರೂ ಜನರ ಬಾಯಲ್ಲಿ ಇಂದಿಗೂ ವಿಮ್ಸ್. ಸುತ್ತಲಿನ ತಾಲ್ಲೂಕುಗಳ ಬಡವರಿಗೆ ದೊಡ್ಡ ಆಸರೆಯೆಂದರೆ ಅದೇ. ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆ ಹೆರಿಗೆಗೆ, ಅಪಘಾತಕ್ಕೆ ಮಾತ್ರವೆಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಇದೆ. ನಡುಗುವ ಚಳಿಜ್ವರದ ಜೊತೆ ಸೊಂಟನೋವಿರುವ, ಮೂತ್ರ ಕಡಿಮೆಯಾಗಿರುವ, ಮಾತು ತೊದಲುವ ರೋಗಿಗೂ ಅದನ್ನು ಕರೆಯಬೇಕು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಖರ್ಚಿನ ಭಯದಿಂದ ತಡಮಾಡುವ ಮನೆಗಳಿಗೆ ಈ ಮಾಹಿತಿಯೂ ಚಿಕಿತ್ಸೆಯ ಭಾಗವೇ. ಸಿರುಗುಪ್ಪದಲ್ಲಾಗಲಿ ಕುರುಗೋಡಿನಲ್ಲಾಗಲಿ ಮೊದಲು ಕಂಡ ವೈದ್ಯರು ಅಲ್ಟ್ರಾಸೌಂಡ್‌ನಲ್ಲಿ ಹಿಗ್ಗಿದ ಮೂತ್ರಪಿಂಡವನ್ನು ನೋಡಿದೊಡನೆ ಮೊದಲ ಡೋಸ್ ಆ್ಯಂಟಿಬಯೋಟಿಕ್ ಕೊಟ್ಟೇ ಕಳಿಸಿದರೆ ದಾರಿಯಲ್ಲಿ ಕಳೆಯುವ ಹೊತ್ತೂ ವ್ಯರ್ಥವಾಗುವುದಿಲ್ಲ.

ತಡೆಗಟ್ಟುವ ವಿಷಯದಲ್ಲಿ ಗಟ್ಟಿಯಾದ ಆಧಾರವಿರುವ ಮಾತು ನೀರಿನದೇ. ಒಮ್ಮೆ ಹರಳಾದ 199 ಮಂದಿಯನ್ನು ಐದು ವರ್ಷ ಅನುಸರಿಸಿ 1996ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ದಿನಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದಷ್ಟು ಮೂತ್ರವಾಗುವಂತೆ ನೀರು ಕುಡಿದವರಲ್ಲಿ ಶೇ 12 ಮಂದಿಗೆ ಮಾತ್ರ ಹರಳು ಮರುಕಳಿಸಿತು, ಉಳಿದವರಲ್ಲಿ ಶೇ 27 ಮಂದಿಗೆ. ಎಷ್ಟು ಕುಡಿದೆ ಎಂಬುದಕ್ಕಿಂತ ಎಷ್ಟು ಮೂತ್ರ ಹೋಯಿತು, ಅದು ತಿಳಿಯಾಗಿದೆಯೇ ಎಂಬುದೇ ಅಳತೆ. ಮೋಕದ ಮೇ ತಿಂಗಳ ಹೊಲದಲ್ಲಿ ಅದಕ್ಕೆ ನಾಲ್ಕೈದು ಲೀಟರೂ ಬೇಕಾದೀತು. ಹರಳಿಗೆ ಹೆದರಿ ಹಾಲು, ಮಜ್ಜಿಗೆ, ರಾಗಿಯನ್ನು ಬಿಡುವ ರೂಢಿ ತಪ್ಪು: ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಅದೇ ಸಂಶೋಧಕರ 2002ರ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದ ಗಂಡಸರಲ್ಲಿ ಐದು ವರ್ಷಗಳಲ್ಲಿ ಶೇ 38 ಮಂದಿಗೆ ಹರಳು ಮರಳಿದರೆ, ಸಾಮಾನ್ಯ ಪ್ರಮಾಣದ ಕ್ಯಾಲ್ಸಿಯಂ ಉಳಿಸಿಕೊಂಡು ಉಪ್ಪು ಮತ್ತು ಮಾಂಸವನ್ನು ಮಿತಗೊಳಿಸಿದವರಲ್ಲಿ ಅದು ಶೇ 20ಕ್ಕೆ ನಿಂತಿತ್ತು. ಉಪ್ಪಿನಕಾಯಿ, ಖಾರ ಹಚ್ಚಿದ ಮೆಣಸಿನಕಾಯಿ, ಅಂಗಡಿಯ ಕುರುಕಲುಗಳಲ್ಲಿರುವ ಉಪ್ಪಿನ ಬಗ್ಗೆ ಈ ಸೀಮೆಯಲ್ಲಿ ಮಾತೇ ಆಗುವುದಿಲ್ಲ, ಟೊಮೆಟೊ ಬೀಜದ ಬಗ್ಗೆ ಮಾತ್ರ ಎಲ್ಲರೂ ಎಚ್ಚರಿಸುತ್ತಾರೆ.

ಆದರೆ ನೀರು ಕುಡಿಯಿರಿ ಎಂಬ ಉಪದೇಶ ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ ಹೆಂಗಸಿಗೆ ತಲುಪುವುದು ಹೇಗೆ? ಅವಳು ನೀರು ಕುಡಿಯದಿರುವುದು ತಿಳಿಯದೆ ಅಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ಬಯಲಿನ ಹೊಲದಲ್ಲಿ ಮರೆಯಿಲ್ಲ, ಮೇಸ್ತ್ರಿ ಗಂಡಸು, ಕೂಲಿ ತೂಕದ ಲೆಕ್ಕದ್ದು. ನೀರು ಬಿಟ್ಟು ಮೂತ್ರ ಕಟ್ಟಿಕೊಂಡು ದಿನ ಕಳೆಯುವ ಈ ದುಡಿಮೆಯಲ್ಲಿ ಹರಳಿನ ಕಾರಣವೂ ಸೋಂಕಿನ ಕಾರಣವೂ ಒಂದೇ ದೇಹದಲ್ಲಿ ಕೂಡುತ್ತವೆ. ಗರ್ಭಿಣಿಯಾಗಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಬಸಿರಿನಲ್ಲಿ ಮೂತ್ರನಾಳಗಳು ಸಹಜವಾಗಿಯೇ ಹಿಗ್ಗಿ ಮೂತ್ರ ನಿಧಾನವಾಗಿ ಇಳಿಯುತ್ತದೆ. ಶೌಚಾಲಯ ಕಟ್ಟುವ ಯೋಜನೆಗಳು ಮನೆಯ ಅಂಗಳಕ್ಕೆ ಬಂದು ನಿಂತಿವೆ. ಹೊಲದ ಬದುವಿಗೆ, ಕಾಲುವೆಯ ಏರಿಗೆ ತಡಿಕೆಯ ಮರೆ ಮತ್ತು ಕುಡಿಯುವ ನೀರಿನ ಕೊಡಗಳನ್ನು ಒಯ್ಯುವುದು ಗ್ರಾಮ ಪಂಚಾಯಿತಿಗಳಿಗೆ ಹೊರೆಯಾಗದ ಕೆಲಸ, ಜಮೀನಿನ ಒಡೆಯರಿಗಂತೂ ಅಲ್ಲವೇ ಅಲ್ಲ.

ಚಿಕಿತ್ಸೆ ಮುಗಿದು ಮನೆಗೆ ಹೋದವರಲ್ಲೂ ಒಂದು ಅಪಾಯ ಉಳಿದಿರುತ್ತದೆ. ಒಳಗಿಟ್ಟ ಸ್ಟೆಂಟನ್ನು ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳ ಒಳಗೆ ತೆಗೆಸಬೇಕು. ಅದು ಹೊರಗೆ ಕಾಣುವುದಿಲ್ಲ, ಕೆಲವರಿಗೆ ತೊಂದರೆಯನ್ನೂ ಕೊಡುವುದಿಲ್ಲ. ನೋವು ನಿಂತ ರೋಗಿ ಸುಗ್ಗಿ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೊರಟುಬಿಟ್ಟರೆ ನಳಿಕೆ ಒಳಗೇ ಮರೆತುಹೋಗುತ್ತದೆ. ತಿಂಗಳುಗಳು ಕಳೆದಂತೆ ಅದರ ಮೈಮೇಲೆ ಮತ್ತೆ ಲವಣಗಳು ಹರಳುಗಟ್ಟಿ, ಎರಡೂ ತುದಿಗಳಲ್ಲಿ ಕಲ್ಲು ಬೆಳೆದು, ಎಳೆದರೆ ಬಾರದೆ ತುಂಡಾಗಿ, ಒಂದು ಅಡ್ಡಿಯನ್ನು ನಿವಾರಿಸಲು ಇಟ್ಟದ್ದೇ ಇನ್ನೊಂದು ಅಡ್ಡಿಯಾಗುತ್ತದೆ. ಅದನ್ನು ತೆಗೆಯಲು ಎರಡು ಮೂರು ಶಸ್ತ್ರಚಿಕಿತ್ಸೆಗಳು ಬೇಕಾಗುವುದುಂಟು, ಮೂತ್ರಪಿಂಡವೇ ಹೋಗುವುದೂ ಉಂಟು. ಸ್ಟೆಂಟ್ ಹಾಕಿದ ದಿನಾಂಕವನ್ನೂ ತೆಗೆಸಬೇಕಾದ ದಿನಾಂಕವನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಮನೆಯ ಒಬ್ಬರಿಗೆ ಓದಿ ಹೇಳಿ, ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲೂ ಬರೆಸಿದರೆ ಇದನ್ನು ತಪ್ಪಿಸಬಹುದು. ಸಮಯಕ್ಕೆ ಸರಿಯಾಗಿ ಬಂದವರಲ್ಲಿ ಅದನ್ನು ಹೊರತೆಗೆಯಲು ಮರಗಟ್ಟಿಸುವ ಜೆಲ್ಲಿ ಮತ್ತು ಚಿಕ್ಕ ದುರ್ಬೀನು ಹಿಡಿದ ವೈದ್ಯರಿಗೆ ಬೇಕಾಗುವುದು ಕೆಲವೇ ನಿಮಿಷ. ರೋಗಿ ಅಂದೇ ಸಂಜೆಯ ಬಸ್ಸಿಗೆ ಊರಿಗೆ ಮರಳಬಹುದು.